ಒಲೆಯ ಹಕ್ಕು

ಈಚೆಗೆ ಒಂದು ದಿನ ನನ್ನ ಪದವಿ ತರಗತಿಯ ವಿದ್ಯಾರ್ಥಿಗಳಿಗೆ ‘ಇಂಧನ’ ಎಂಬ ಪದವನ್ನು ಕೊಟ್ಟು, ಅದನ್ನು ಬಳಸಿ ಒಂದೊಂದು ಸ್ವಂತ ವಾಕ್ಯ ಬರೆಯಿರೆಂದು ಹೇಳಿದೆ. ಹಾಳೆಗಳು ಕೈಗೆ ಬಂದ ಮೇಲೆ ನೋಡುತ್ತೇನೆ: ಒಬ್ಬನು ಇಂಧನದ ಬೆಲೆ ಏರಿತೆಂದು ಬರೆದಿದ್ದ. ಮತ್ತೊಬ್ಬಳು ಇಂಧನಕ್ಕಾಗಿ ಬಂಕಿನ ಮುಂದೆ ಸಾಲುಗಟ್ಟಿ ನಿಂತ ವಾಹನಗಳನ್ನು ವರ್ಣಿಸಿದ್ದಳು. ಮೂರನೆಯವನು ವಿಮಾನಕ್ಕೇ ಕೈಹಾಕಿದ್ದ. ಇಡೀ ತರಗತಿಯ ಹಾಳೆಗಳನ್ನು ತಿರುವಿದರೂ ಒಂದರಲ್ಲಿಯೂ ಒಲೆಯಿರಲಿಲ್ಲ.

“ಸೌದೆಯೂ ಇಂಧನವೇ ಅಲ್ಲವೆ? ಬೆರಣಿಯೂ ಇಂಧನವೇ ತಾನೆ?” ಎಂದೆ. ಬೆರಣಿಯ ಹೆಸರು ಕೇಳಿ ಹಿಂದಿನ ಬೆಂಚಿನವರು ನಕ್ಕರು. ಮುಂದೆ ಕುಳಿತಿದ್ದ ಹುಡುಗಿ ಮಾತ್ರ ನಗದೆ, “ಹಾಗಾದರೆ ಸರ್, ಇಂಧನ ಅಂದರೆ ವಸ್ತುವಿನ ಹೆಸರೋ, ಕೆಲಸದ ಹೆಸರೋ?” ಎಂದು ಕೇಳಿದಳು. ಉತ್ತರ ಹೇಳುವುದರೊಳಗೆ ಗಂಟೆ ಹೊಡೆಯಿತು. ಗಂಟೆ ನನ್ನನ್ನು ಪಾರುಮಾಡಿತೆನ್ನಬೇಕು. ಆದರೆ ಪ್ರಶ್ನೆ ಮಾತ್ರ ನನ್ನ ಜೊತೆಯಲ್ಲೇ ಮನೆಗೆ ಬಂತು.

ಸಂಸ್ಕೃತದ ಮಟ್ಟಿಗೆ ಉತ್ತರ ಸುಲಭ. ‘ಇಂಧ್’ ಎಂದರೆ ಹೊತ್ತಿಸು, ಉರಿಸು. ಹೊತ್ತಿಸುವುದಕ್ಕೆ ಸಾಧನವಾದದ್ದು ಇಂಧನ. ಅದೇ ಧಾತುವಿನಿಂದ ಏಧ, ಇಧ್ಮ, ಸಮಿತ್ತು ಮೊದಲಾದ ಪದಗಳು ಬಂದಿವೆ. ಅಮರಸಿಂಹನು ಇವನ್ನೆಲ್ಲ ಒಟ್ಟಿಗೆ ಪೋಣಿಸಿದ್ದಾನೆ. ಆದರೆ ಎಲ್ಲಿ ಎಂಬುದು ಸ್ವಾರಸ್ಯ. ಅಗ್ನಿಯ ಹೆಸರುಗಳನ್ನು ಹೇಳುವ ಕಡೆಯಲ್ಲಲ್ಲ. ಮರ, ಬಳ್ಳಿ, ಮೂಲಿಕೆಗಳನ್ನು ಹೇಳುವ ವನೌಷಧಿವರ್ಗದಲ್ಲಿ. ಆ ಕೋಶಕಾರನ ಕಣ್ಣಿಗೆ ಇಂಧನ ಬೆಂಕಿಯ ಮನೆಯದಲ್ಲ, ಕಾಡಿನ ಮನೆಯದು.

ಯಜ್ಞಶಾಲೆಯ ಸಮಿತ್ತಿಗೂ ಅಡುಗೆಮನೆಯ ಸೌದೆಗೂ ಎಷ್ಟು ದೂರವೆಂದು ನಾವು ಭಾವಿಸುತ್ತೇವೆ! ಶಬ್ದದ ದೃಷ್ಟಿಯಿಂದ ದೂರವೇ ಇಲ್ಲ. ಕುಮಾರನು ಕುವರನಾದಂತೆ ಸಮಿಧೆಯ ಮಕಾರ ವಕಾರವಾಗಿ, ಮಹಾಪ್ರಾಣ ಅಳಿದು, ಸವಿದೆ, ಸವುದೆ, ಸೌದೆ ಎಂದಾಯಿತು. ಪುರೋಹಿತರು ಮಂತ್ರ ಹೇಳಿ ಹಾಕಿದ್ದನ್ನೇ ಮನೆಯಾಕೆ ಮಂತ್ರವಿಲ್ಲದೆ ಹಾಕುತ್ತಾಳೆ. ಇನ್ನೂ ಒಂದು ಹೆಜ್ಜೆ ಹಿಂದೆ ಹೋದರೆ, ಭಾಷಾಶಾಸ್ತ್ರಜ್ಞರು ಈ ಧಾತುವಿನ ಒಡಹುಟ್ಟನ್ನು ಲ್ಯಾಟಿನ್ನಿನ ‘ಐಡೆಸ್’ ಎಂಬ ಪದದಲ್ಲಿ ಗುರುತಿಸುತ್ತಾರೆ. ಅದರ ಅರ್ಥ ಮನೆ, ಗುಡಿ. ಮೊದಲಿಗೆ ಬೆಂಕಿಯಿರುವ ಜಾಗವೆಂದು ಇದ್ದದ್ದು ಆಮೇಲೆ ಮನೆಯೆಂದಾಯಿತು. ಇಂಗ್ಲಿಷಿನ ‘ಎಡಿಫಿಸ್’ ಎಂಬ ಗಂಭೀರ ಪದ ಅದರ ಮಗಳು. ಒಲೆ ಹೊತ್ತಿದ ಕಡೆಯಲ್ಲವೆ ಮನೆ?

ಇನ್ನು ನಮ್ಮ ಅಚ್ಚಗನ್ನಡವನ್ನು ನೋಡಿದರೆ, ಅದಕ್ಕೆ ಸಾಮಾನ್ಯ ನಾಮಕ್ಕಿಂತ ಬಿಡಿಬಿಡಿ ಹೆಸರುಗಳ ಮೇಲೆ ಪ್ರೀತಿ ಹೆಚ್ಚು. ಉರಿಯ ಬಳಗದ ‘ಉರುವಲು’ ಎಂಬ ಒಳ್ಳೆಯ ಪದವೊಂದು ಇದೆ, ನಿಜ. ಆದರೆ ಒಲೆಯ ಮುಂದೆ ಕುಳಿತವರು ಉರುವಲು ಕೊಡು ಎಂದು ಕೇಳುವುದು ಅಪರೂಪ. ಮೈಸೂರಿನ ಕಡೆಯವರ ಸೌದೆ ಧಾರವಾಡದ ಕಡೆಗೂ ಕರಾವಳಿಗೂ ಕಟ್ಟಿಗೆ. ಇಲ್ಲಿಯ ಬೆರಣಿ ಅಲ್ಲಿ ಕುಳ್ಳು. ಕರಾವಳಿಯ ಅಡುಗೆಮನೆಗೆ ತೆಂಗಿನ ಗರಿ, ಸಿಪ್ಪೆ, ಕರಟ. ನಮ್ಮ ಮಲೆನಾಡಿನ ಬಚ್ಚಲೊಲೆಗೆ ದಪ್ಪ ಕುಂಟೆ, ಅಡುಗೆಯ ಒಲೆಗೆ ಸೀಳಿದ ಚಕ್ಕೆ, ಹೊತ್ತಿಸುವುದಕ್ಕೆ ಪುಳ್ಳೆ. ಯಾವುದು ಬೇಗ ಹೊತ್ತುತ್ತದೆ, ಯಾವುದು ಕೆಂಡ ನಿಲ್ಲಿಸುತ್ತದೆ, ಯಾವುದು ಹೊಗೆಯಾಡಿ ಕಣ್ಣೀರು ತರಿಸುತ್ತದೆ ಎಂಬ ಜ್ಞಾನವೆಲ್ಲ ಆ ಹೆಸರುಗಳಲ್ಲಿ ಅಡಗಿತ್ತು.

ಹೊಸ ಇಂಧನಗಳು ಬಂದಾಗಲೂ ಕನ್ನಡ ಗಾಬರಿಗೊಳ್ಳಲಿಲ್ಲ. ನೆಲದಿಂದ ಅಗೆದ ಕಪ್ಪು ವಸ್ತು ಬಂದಾಗ, ನಮ್ಮ ಇದ್ದಿಲಿನಂತೆಯೇ ಇದೆ, ಆದರೆ ಕಲ್ಲು ಎಂದು ಕಲ್ಲಿದ್ದಲು ಎಂದಿತು. ಹಡಗಿನಲ್ಲಿ ಪರದೇಶದ ಎಣ್ಣೆ ಬಂದಾಗ, ಸೀಮೆಸುಣ್ಣದ ಪಕ್ಕದಲ್ಲಿ ಸೀಮೆಎಣ್ಣೆಯನ್ನು ಕೂರಿಸಿತು. ಚಿಮಣಿಯಲ್ಲಿ ಉರಿಸುವವರು ಅದನ್ನೇ ಚಿಮಣಿ ಎಣ್ಣೆಯೆಂದರು. ಕೊನೆಗೆ ಉಕ್ಕಿನ ಅಂಡೆಯಲ್ಲಿ ಗ್ಯಾಸು ಬಂದಾಗ ಪತ್ರಿಕೆಯವರು ಅಡುಗೆ ಅನಿಲವೆಂದರು. ಅನಿಲನೆಂದರೆ ವಾಯು. ಬೆಂಕಿಯ ಗೆಳೆಯನೆಂದು ಕವಿಗಳು ಕೊಂಡಾಡಿದವನು ಇಂದು ಬೆಂಕಿಯ ಆಹಾರವೇ ಆಗಿ ಕುಳಿತಿದ್ದಾನೆ!

ಪದದ ಲಾಕ್ಷಣಿಕ ಬಳಕೆಯೂ ಹಳೆಯದೇ. ಇಂಗ್ಲಿಷಿನವರು ಜಗಳದ ಬೆಂಕಿಗೆ ಸೌದೆ ಹಾಕಿದರೆ ನಾವು ತುಪ್ಪ ಸುರಿಯುತ್ತೇವೆ. ನಮ್ಮ ಬಾಯಿಗೆ ಹೋಮಕುಂಡದ ಅಭ್ಯಾಸ ಹೋಗಿಲ್ಲ. ಬೌದ್ಧರು ಇನ್ನೂ ಆಳಕ್ಕೆ ಹೋದರು. ಪಾಳಿಯಲ್ಲಿ ‘ಉಪಾದಾನ’ ಎಂದರೆ ಉರಿಗೆ ಆಧಾರವಾದ ಇಂಧನವೂ ಹೌದು, ಮನಸ್ಸು ಯಾವುದನ್ನು ಅವಚಿಕೊಂಡಿದೆಯೋ ಆ ಅಂಟೂ ಹೌದು. ಇಂಧನ ತೀರಿದ ಬೆಂಕಿ ತಣ್ಣಗಾಗುವುದೇ ನಿರ್ವಾಣ. ದೊಡ್ಡ ಮಾತು. ಆದರೆ ಸಂಜೆ ಮಕ್ಕಳಿಗೆ ಗಂಜಿ ಕಾಯಿಸಬೇಕಾದವಳಿಗೆ ಇಂಧನ ತೀರುವುದೆಂದರೆ ನಿರ್ವಾಣವಲ್ಲ, ಉಪವಾಸ. ಇಂಧನವೆಂಬುದರ ಮುಖ್ಯಾರ್ಥ ಅಲ್ಲಿಯೇ ಇದೆ. ನಾನು ಹೇಳಬೇಕೆಂದಿರುವುದೂ ಅದನ್ನು ಕುರಿತೇ.

ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಅನಿರೀಕ್ಷಿತವಾದ ಉತ್ತರ ಸಿಕ್ಕಿದ್ದು ಇಂಗ್ಲಿಷಿನ ‘ಫ್ಯುಯೆಲ್’ ಎಂಬ ಪದದ ಚರಿತ್ರೆಯಲ್ಲಿ. ಲ್ಯಾಟಿನ್ನಿನಲ್ಲಿ ಬೆಂಕಿಗೆ ‘ಇಗ್ನಿಸ್’ ಎಂದು ಹೆಸರು. ನಮ್ಮ ಅಗ್ನಿಯ ದಾಯಾದಿ. ಒಲೆಗೆ ‘ಫೋಕಸ್’ ಎಂದು ಹೆಸರು. ಕಾಲಕ್ರಮದಲ್ಲಿ ಜನರ ಬಾಯಲ್ಲಿ ಇಗ್ನಿಸ್ ಬಿದ್ದುಹೋಗಿ, ಒಲೆಯ ಹೆಸರೇ ಬೆಂಕಿಯ ಹೆಸರಾಯಿತು. ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಷ್ ಭಾಷೆಗಳಲ್ಲಿ ಇಂದಿಗೂ ಬೆಂಕಿಯೆಂದರೆ ಆ ಒಲೆಯೇ. 1604ರಲ್ಲಿ ಕೆಪ್ಲರನು ಶಂಕುಜ ವಕ್ರರೇಖೆಗಳ ನಾಭಿಬಿಂದುವಿಗೆ ಫೋಕಸ್ ಎಂಬ ಹೆಸರಿಟ್ಟನು. ಇಂದು ಛಾಯಾಗ್ರಾಹಕರು ‘ಫೋಕಸ್’ ಮಾಡುವಾಗಲೆಲ್ಲ, ತಮಗೆ ತಿಳಿಯದೆಯೇ, ಯಾವುದೋ ರೋಮನ್ ಅಜ್ಜಿಯ ಒಲೆಯನ್ನು ನೆನೆಯುತ್ತಾರೆ.

ಈ ಫೋಕಸ್ಸಿನಿಂದ ಮಧ್ಯಯುಗದ ಲ್ಯಾಟಿನ್ನಿನಲ್ಲಿ ‘ಫೋಕಾಲಿಯ’ ಎಂಬ ಪದ ಹುಟ್ಟಿತು. ಒಲೆಗೆ ಸಂಬಂಧಿಸಿದ್ದು ಎಂದು ಅದರ ಅರ್ಥ. ಅದು ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ಫ್ಯುಯೆಲ್ ಆಯಿತು. ಆದರೆ ಆ ಕಾಲದ ಕಾನೂನಿನ ಪತ್ರಗಳಲ್ಲಿ ಫೋಕಾಲಿಯ ಎಂದರೆ ಬರಿಯ ಸೌದೆಯಲ್ಲ. ಒಲೆಗೆ ಬೇಕಾದ ಉರುವಲನ್ನು ಕೇಳಿ ಪಡೆಯುವ ಹಕ್ಕು, ಅಥವಾ ಅದನ್ನು ಒದಗಿಸಬೇಕಾದ ಹೊಣೆ ಎಂಬ ಅರ್ಥವೂ ಅದಕ್ಕಿತ್ತು. ವಸ್ತುವಿನ ಹೆಸರೋ ಕೆಲಸದ ಹೆಸರೋ ಎಂದು ಹುಡುಗಿ ಕೇಳಿದ್ದಳು. ಎರಡೂ ಅಲ್ಲ, ಅಥವಾ ಎರಡೇ ಅಲ್ಲ. ಅದು ಹಕ್ಕಿನ ಹೆಸರು ಕೂಡ.

ಈ ಹಕ್ಕು ಕಾಗದದ ಮೇಲಿನದಷ್ಟೇ ಆಗಿರಲಿಲ್ಲ. ಬಾಲಕನಾಗಿದ್ದ ಮೂರನೆಯ ಹೆನ್ರಿಯ ಹೆಸರಿನಲ್ಲಿ 1217ರ ನವೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ಅರಣ್ಯ ಸನ್ನದು ಹೊರಟಿತು. ಮ್ಯಾಗ್ನ ಕಾರ್ಟದ ಹೆಸರನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಅದರ ಈ ತಂಗಿಯನ್ನು ಕೇಳಿದವರು ಕಡಿಮೆ. ದೊರೆಗಳು ಬೇಟೆಗೆಂದು ಕಾಡನ್ನು ಬೇಲಿಹಾಕಿಕೊಳ್ಳುತ್ತಿದ್ದ ಕಾಲದಲ್ಲಿ, ಅಲ್ಲಿ ಹಂದಿ ಮೇಯಿಸುವುದೇ ಮೊದಲಾಗಿ ಸ್ವತಂತ್ರ ಪ್ರಜೆಗಳಿಗಿದ್ದ ವಾಡಿಕೆಗಳಿಗೆ ಆ ಸನ್ನದು ರಕ್ಷಣೆ ಕೊಟ್ಟಿತು. ಮನೆಗೆ, ನೇಗಿಲಿಗೆ, ಒಲೆಗೆ ಬೇಕಾದಷ್ಟು ಮರ ತರುವ ಹಕ್ಕಿಗೂ, ಜವುಗುನೆಲದ ಹೆಂಟೆ ಕಡಿದು ಉರಿಸುವ ಹಕ್ಕಿಗೂ ಅವರ ಕಾನೂನಿನಲ್ಲಿ ಬೇರೆಬೇರೆ ಹೆಸರುಗಳೇ ಇವೆ.

ಒಲೆಯ ಮೇಲೆ ಅಧಿಕಾರ ನಡೆಸುವ ಪದವೂ ಆ ಮನೆತನದಲ್ಲೇ ಹುಟ್ಟಿತು. ರಾತ್ರಿ ಗಂಟೆ ಬಾರಿಸಿದೊಡನೆ ಊರವರೆಲ್ಲ ಬೆಂಕಿಯನ್ನು ಮುಚ್ಚಬೇಕೆಂಬ ಕಟ್ಟಳೆಗೆ ಹಳೆಯ ಫ್ರೆಂಚಿನಲ್ಲಿ ‘ಬೆಂಕಿ ಮುಚ್ಚು’ ಎಂಬರ್ಥದ ಕೂಡುಪದವೊಂದಿತ್ತು. ಅದೇ ಸವೆದು ‘ಕರ್ಫ್ಯೂ’ ಆಯಿತು. 2020ರಲ್ಲಿ ನಾವೆಲ್ಲ ಮನೆಯೊಳಗೆ ಕುಳಿತು ದಿನವೂ ಉಚ್ಚರಿಸಿದ ಪದ! ನಮ್ಮ ಅಜ್ಜಿಯಂದಿರು ರಾತ್ರಿ ಕೆಂಡಕ್ಕೆ ಬೂದಿ ಮುಚ್ಚುತ್ತಿದ್ದದ್ದು ಯಾರ ಅಪ್ಪಣೆಯಿಂದಲೂ ಅಲ್ಲ. ಬೆಳಗ್ಗೆ ಊದಿದರೆ ಮತ್ತೆ ಹೊತ್ತಲೆಂದು.

ಹಕ್ಕು ಅಪರಾಧವಾಗಿ ಮಾರ್ಪಟ್ಟ ಕಥೆಯೂ ಇದರ ಮುಂದಿನ ಅಧ್ಯಾಯವಾಗಿ ಬರುತ್ತದೆ. ಜರ್ಮನಿಯ ರೈನ್ ಪ್ರಾಂತದ ಸಭೆ ಕಾಡಿನಲ್ಲಿ ಉದುರಿದ ಒಣಕೊಂಬೆ ಆರಿಸುವುದನ್ನೂ ಮರಗಳ್ಳತನದ ಲೆಕ್ಕಕ್ಕೆ ಸೇರಿಸಹೊರಟಾಗ, 1842ರಲ್ಲಿ ಕಲೋನ್ ನಗರದ ಪತ್ರಿಕೆಯಲ್ಲಿ ಇಪ್ಪತ್ತನಾಲ್ಕರ ತರುಣನೊಬ್ಬ ಅದನ್ನು ಖಂಡಿಸಿ ಲೇಖನಮಾಲೆ ಬರೆದನು. ಮರದಿಂದ ಕಡಿದದ್ದು ಬೇರೆ, ಮರವೇ ಬಿಟ್ಟುಕೊಟ್ಟದ್ದು ಬೇರೆ ಎಂಬುದು ಅವನ ವಾದದ ತಿರುಳು. ಆ ತರುಣ ಕಾರ್ಲ್ ಮಾರ್ಕ್ಸ್. ಅರ್ಥಶಾಸ್ತ್ರದ ಪ್ರಶ್ನೆಗಳಿಗೆ ತನ್ನನ್ನು ಮೊದಲು ಎಳೆದದ್ದರಲ್ಲಿ ಈ ಸೌದೆಯ ಪ್ರಕರಣವೂ ಒಂದೆಂದು ಅವನೇ 1859ರಲ್ಲಿ ಬರೆದುಕೊಂಡಿದ್ದಾನೆ. ಅವನ ಮುಂದಿನ ಸಿದ್ಧಾಂತಗಳನ್ನು ಒಪ್ಪುವವರಿದ್ದಾರೆ, ಒಪ್ಪದವರಿದ್ದಾರೆ. ಒಂದು ಹೊರೆ ಪುಳ್ಳೆಯಲ್ಲಿ ಎಷ್ಟು ಬೆಂಕಿ ಅಡಗಿತ್ತೆಂಬುದಂತೂ ಸ್ಪಷ್ಟ.

ನಮ್ಮ ನಾಡಿನಲ್ಲಿ ಈ ಅಧ್ಯಾಯ ತೆರೆದದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. 1864ರಲ್ಲಿ ಬ್ರಿಟಿಷ್ ಸರಕಾರದ ಅರಣ್ಯ ಇಲಾಖೆ ಏರ್ಪಟ್ಟಿತು. 1865ರಲ್ಲಿ ಮೊದಲ ಕಾಯಿದೆ, 1878ರಲ್ಲಿ ಬಿಗಿಯಾದ ಎರಡನೆಯ ಕಾಯಿದೆ, ಮದರಾಸು ಪ್ರಾಂತಕ್ಕೆ ಪ್ರತ್ಯೇಕವಾಗಿ 1882ರಲ್ಲಿ ಮತ್ತೊಂದು. ಇವುಗಳ ಹಿಂದೆ ನಡೆದ ಚರ್ಚೆಯೆಲ್ಲ ಎರಡು ಪದಗಳ ಸುತ್ತ ತಿರುಗಿತ್ತೆನ್ನಬಹುದು: ಹಕ್ಕು ಮತ್ತು ಸವಲತ್ತು. ಹಳ್ಳಿಗರು ಕಾಡಿನಿಂದ ಸೊಪ್ಪು ಸೌದೆ ತರುತ್ತಿದ್ದದ್ದು ಅವರ ಹಕ್ಕೋ, ಅಥವಾ ದೊರೆ ಕಣ್ಣುಮುಚ್ಚಿಕೊಂಡು ಬಿಟ್ಟ ಅನುಗ್ರಹವೋ? ಹಕ್ಕೆಂದರೆ ಕಸಿಯುವಂತಿಲ್ಲ, ಅನುಗ್ರಹವೆಂದರೆ ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು. ಸರಕಾರ ಅನುಗ್ರಹದ ಪಕ್ಷವನ್ನೇ ಹಿಡಿಯಿತೆಂದು ಬೇರೆ ಹೇಳಬೇಕಾಗಿಲ್ಲ.

ಆದರೂ ಕನ್ನಡನಾಡಿನಲ್ಲಿ ಒಲೆಯ ಹಕ್ಕಿನ ಕೆಲವು ಹಳೆಯ ಹೆಸರುಗಳು ಉಳಿದುಕೊಂಡವು. ದಕ್ಷಿಣ ಕನ್ನಡದಲ್ಲಿ ‘ಕುಮ್ಕಿ’ ಎಂಬುದೊಂದಿದೆ. ವರ್ಗದ ಜಮೀನಿನ ಅಂಚಿನಿಂದ ಸುಮಾರು 100 ಗಜದವರೆಗಿನ ಸರಕಾರಿ ನೆಲದಲ್ಲಿ ಆ ಜಮೀನಿನವನು ಸೊಪ್ಪು ಕಡಿಯಬಹುದು, ದನ ಮೇಯಿಸಬಹುದು, ಮನೆಗೆ ಬೇಕಾದ ಸೌದೆ ತರಬಹುದು. ಕುಮಕ್ ಎಂದರೆ ಪಾರ್ಸಿ ಮಾತಿನಲ್ಲಿ ನೆರವು. ಯಾರಾದರೂ ಕಿಡಿಗೇಡಿತನಕ್ಕೆ ‘ಕುಮ್ಮಕ್ಕು’ ಕೊಟ್ಟರೆಂದು ನಾವು ಪತ್ರಿಕೆಯಲ್ಲಿ ಓದುವ ಪದ ಇದರ ಅವಳಿ. ಕೊಡಗಿನಲ್ಲಿ ಇದೇ ಬಗೆಯದು ಬಾಣೆ. ಉತ್ತರ ಕನ್ನಡದಲ್ಲಿ ಬೆಟ್ಟ, ಹಾಡಿ. ನಮ್ಮ ಕಡೆ ಕಾನು, ಸೊಪ್ಪಿನ ಬೆಟ್ಟ. 1964ರ ನಮ್ಮ ಭೂಕಂದಾಯ ಕಾಯಿದೆಯ 79ನೆಯ ಪ್ರಕರಣದಲ್ಲಿ ಈ ಹೆಸರುಗಳೆಲ್ಲ ಸಾಲಾಗಿ ನಿಂತಿವೆ. ಆದರೆ ಅಲ್ಲಿಯೂ ಅವುಗಳಿಗೆ ದೊರೆತ ಪದವಿ ಹಕ್ಕಿನದಲ್ಲ, ಸವಲತ್ತಿನದು. ಫೋಕಾಲಿಯ ಎಂಬ ಹಳೆಯ ಪದಕ್ಕೆ ಕನ್ನಡದಲ್ಲಿ ಸಮಾನಾರ್ಥಕವನ್ನು ಯಾರಾದರೂ ಕೇಳಿದರೆ, ಇಂಧನವೆಂದಲ್ಲ, ಕುಮ್ಕಿ ಎಂದೇ ನಾನು ಹೇಳುವೆ.

ಇಷ್ಟು ಬರೆದು ನಿಲ್ಲಿಸಿದ್ದರೆ ಲೇಖನ ಸುಖವಾಗಿ ಮುಗಿಯುತ್ತಿತ್ತು. ಆದರೆ ಸೊಪ್ಪಿನ ಬೆಟ್ಟವೆಂದು ಬರೆದೊಡನೆ ನನಗೆ ನಮ್ಮ ಮನೆಯ ಹಿಂದಿನ ಬೆಟ್ಟ ನೆನಪಾಯಿತು. ಅದರ ಜೊತೆಗೆ ಒಬ್ಬ ಹೆಂಗಸೂ ನೆನಪಾದಳು.

ತೀರ್ಥಹಳ್ಳಿ ಸೀಮೆಯ ನಮ್ಮ ಊರಿನಲ್ಲಿ ನಾನು ಚಿಕ್ಕವನಾಗಿದ್ದಾಗ, ಎಂದರೆ ಸುಮಾರು 1988-89ರ ಮಾತು, ಮಳೆಗಾಲಕ್ಕೆ ಮುಂಚೆ ಸೌದೆ ಕೊಟ್ಟಿಗೆ ತುಂಬಿಸಲು ಆಕೆ ಬರುತ್ತಿದ್ದಳು. ತಲೆಯ ಮೇಲೆ ತನಗಿಂತ ಉದ್ದವಾದ ಹೊರೆ. ಹೊರೆ ಇಳಿಸಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, ಜಗಲಿಯ ಕೆಳಗೆ ಕುಳಿತು ಅಜ್ಜಿ ಕೊಟ್ಟ ಬೆಲ್ಲ ನೀರು ಕುಡಿಯುತ್ತಿದ್ದಳು. ನಾವು ಮಕ್ಕಳೆಲ್ಲ ಅವಳನ್ನು ಸೌದೆಯಕ್ಕ ಎಂದು ಕರೆಯುತ್ತಿದ್ದೆವು. ಅವಳಿಗೆ ನೆಲವಿರಲಿಲ್ಲ. ನೆಲವಿಲ್ಲದವರಿಗೆ ಸೊಪ್ಪಿನ ಬೆಟ್ಟವೆಲ್ಲಿಂದ ಬರಬೇಕು?

ಒಂದು ದಿನ ಅವಳು ಬರಿಗೈಯಲ್ಲಿ ಬಂದಳು. ಗಡಿಕಲ್ಲಿನ ಆಚೆ ಕಾಡಿನಲ್ಲಿ ಒಣಗಿದ ಕೊಂಬೆ ಆರಿಸುತ್ತಿದ್ದಾಗ ಗಾರ್ಡು ಸಿಕ್ಕಿ ಹೊರೆಯನ್ನೂ ಕತ್ತಿಯನ್ನೂ ಕಿತ್ತುಕೊಂಡಿದ್ದ. ಹೊರೆ ಹೋದದ್ದಕ್ಕಿಂತ ಕತ್ತಿ ಹೋದದ್ದು ಅವಳಿಗೆ ದೊಡ್ಡ ನಷ್ಟ. ಅಜ್ಜಿ ಗದರಿದರು: “ನಮ್ಮ ಬೆಟ್ಟದ್ದು ಅಂತ ಹೇಳಬಾರದಾಗಿತ್ತೇನೇ? ಅವ ಸುಮ್ಮನೆ ಬಿಡ್ತಿದ್ದ.” ಸೌದೆಯಕ್ಕ ನೆಲ ನೋಡುತ್ತ ಹೇಳಿದಳು: “ಬಿದ್ದಿದ್ದನ್ನ ಎತ್ತಿಕೊಂಡ್ರೆ ಕಳ್ಳತನ ಹ್ಯಾಂಗಾಗ್ತದೆ ಅಮ್ಮಾ? ಸುಳ್ಳು ಯಾಕೆ ಹೇಳ್ಲಿ?”

ಮಾರ್ಕ್ಸನ ಲೇಖನವನ್ನು ನಾನು ಓದಿದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಓದುವಾಗ ಈ ಮಾತನ್ನು ಎಲ್ಲೋ ಕೇಳಿದ್ದೇನಲ್ಲ ಎನಿಸಿತ್ತು. ಗಡಿಕಲ್ಲಿನ ಈಚೆ ಬಿದ್ದ ಕೊಂಬೆ ನಮ್ಮ ಮನೆಯ ಸವಲತ್ತು. ಆಚೆ ಬಿದ್ದ ಕೊಂಬೆ ಅವಳ ಅಪರಾಧ. ಇಂಗ್ಲೆಂಡಿನ ಸನ್ನದೂ ಸ್ವತಂತ್ರ ಪ್ರಜೆಗಳೆಂದು ಹೇಳಿತೇ ಹೊರತು ಜೀತದವರನ್ನು ಹೆಸರಿಸಲಿಲ್ಲ. ನಮ್ಮ ಕುಮ್ಕಿ, ಬಾಣೆ, ಬೆಟ್ಟಗಳೂ ನೆಲವಿದ್ದ ಒಲೆಗೆ ನೆರವಾದವು, ಬರಿಯ ಒಲೆಗಲ್ಲ. ಇನ್ನೊಂದು ಕಡೆ, ನಮ್ಮ ಜಿಲ್ಲೆಯದೇ ಆದ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಊದುಕುಲುಮೆ ಹೊತ್ತಿದ್ದು ಇದೇ ಮಲೆನಾಡಿನ ಮರ ಸುಟ್ಟ ಇದ್ದಿಲಿನಿಂದ. ಕಲ್ಲಿದ್ದಲಿನ ಗಣಿ ದೂರವಿದ್ದ ರಾಜ್ಯಕ್ಕೆ ಅದು ಜಾಣತನದ ದಾರಿಯೇ. ಅದರಿಂದ ಸಾವಿರಾರು ಸಂಸಾರಗಳು ಬದುಕಿದವು. ನಾನು ಅದನ್ನು ಹಳಿಯಲಾರೆ. ಆದರೆ ಕುಲುಮೆಯ ಹಸಿವಿಗೆ ಕಾಡಿನ ಬಾಗಿಲು ತೆರೆದಿತ್ತು, ತಲೆಹೊರೆಯ ಹಸಿವಿಗೆ ಮುಚ್ಚಿತ್ತು ಎಂಬುದನ್ನು ಹೇಳದೆಯೂ ಇರಲಾರೆ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸೌದೆ ಹೊರೆ ಮಾರುತ್ತಿದ್ದ ಶರಣನೊಬ್ಬನಿದ್ದ. ಮೋಳಿಗೆಯೆಂದರೆ ಸೌದೆಯ ಹೊರೆ; ಅವನು ಮೋಳಿಗೆಯ ಮಾರಯ್ಯ. ಕಾಶ್ಮೀರದ ಅರಸೊತ್ತಿಗೆಯನ್ನು ಬಿಟ್ಟು, ಹೆಂಡತಿ ಮಹಾದೇವಿಯೊಡನೆ ಬಂದು ಈ ಕಾಯಕವನ್ನು ಹಿಡಿದನೆಂದು ಪರಂಪರೆ ಹೇಳುತ್ತದೆ. ‘ಮೋಳಿಗೆ’ ಇಂದು ನಮ್ಮ ದಿನಬಳಕೆಯಲ್ಲಿಲ್ಲ. ಅವನ ಹೆಸರಿಗೆ ಅಂಟಿಕೊಂಡದ್ದರಿಂದ ಉಳಿಯಿತು. ಹೊರೆ ಅವನಿಗೆ ಹೆಸರಾಯಿತು. ಅವನು ಹೊರೆಗೆ ಮಾನ ತಂದನು.

ಕಾಲ ನಿಂತಿಲ್ಲ. 2006ರ ಅರಣ್ಯ ಹಕ್ಕುಗಳ ಕಾಯಿದೆ ಕಿರು ಅರಣ್ಯ ಉತ್ಪನ್ನಗಳ ಪಟ್ಟಿಯಲ್ಲಿ ಜೇನು, ಬಿದಿರುಗಳ ಜೊತೆಗೆ ಕುರುಚಲು ಕಟ್ಟಿಗೆಯನ್ನೂ ಬೊಡ್ಡೆಗಳನ್ನೂ ಹೆಸರಿಸಿ, ಅವುಗಳ ಮೇಲೆ ಅರಣ್ಯವಾಸಿಗಳ ಹಕ್ಕನ್ನು ಮಾನ್ಯಮಾಡಿತು. ಬುಡಕಟ್ಟಿನವರಲ್ಲದವರು ಮೂರು ತಲೆಮಾರಿನ ವಾಸವನ್ನು ರುಜುವಾತುಪಡಿಸಬೇಕೆಂಬ ಷರತ್ತು ಉಂಟು. ಆದರೂ ‘ಹಕ್ಕು’ ಎಂಬ ಪದ ಕಾಯಿದೆಯ ನೆತ್ತಿಯ ಮೇಲೆಯೇ ಬಂದು ಕುಳಿತದ್ದು ಸಣ್ಣ ಸಂಗತಿಯಲ್ಲ. 2016ರ ಮೇ 1ರಂದು ಆರಂಭವಾದ ಉಜ್ವಲ ಯೋಜನೆ ಬಡವರ ಮನೆಗೆ ಗ್ಯಾಸಿನ ಸಂಪರ್ಕವನ್ನು ತಂದಿತು. ಊದುಗೊಳವೆ ಹಿಡಿದು ಕಣ್ಣು ಕೆಂಪಾಗಿಸಿಕೊಂಡವರನ್ನು ಕಂಡವನು ಅದನ್ನು ಹಗುರವಾಗಿ ಕಾಣಲಾರನು. ಆದರೆ ಸರಕಾರಿ ಕಾಗದದಲ್ಲಿ ಆ ತಾಯಿಯನ್ನು ಕರೆಯುವ ಪದ ‘ಫಲಾನುಭವಿ’. ನಾನು ಪದಗಳಿಂದ ಹೊಟ್ಟೆ ಹೊರೆಯುವವನಾದ್ದರಿಂದ ಆ ಪದದ ಮುಂದೆ ಸ್ವಲ್ಪ ನಿಲ್ಲುತ್ತೇನೆ. ಫೋಕಾಲಿಯ ಕೇಳುವವಳು ಹಕ್ಕುದಾರಳು. ಸವಲತ್ತು ಪಡೆಯುವವಳು ಫಲಾನುಭವಿ. ಎರಡನೆಯ ಸಿಲಿಂಡರಿಗೆ ಹಣ ಹೊಂದಿಸಲಾರದೆ ಆಕೆ ಮತ್ತೆ ಕಾಡಿನ ಕಡೆ ನಡೆದರೆ, ಗಡಿಕಲ್ಲು ಅಲ್ಲಿಯೇ ಇರುತ್ತದೆ.

ಮುಂದಿನ ವಾರ ತರಗತಿಯಲ್ಲಿ ಇದನ್ನೆಲ್ಲ ಹೇಳಿದೆ. ಬೆರಣಿಗೆ ನಕ್ಕವರು ಈ ಸಲ ನಗಲಿಲ್ಲ. ಮಾರಯ್ಯನನ್ನೂ ಸೌದೆಯಕ್ಕನನ್ನೂ ಒಟ್ಟಿಗೆ ಹೇಳಿ, ಎಂಟು ನೂರು ವರ್ಷಗಳ ಅಂತರದಲ್ಲಿ ಇಬ್ಬರಿಗೂ ಹೊರೆಯೇ ಹೆಸರಾಯಿತೆಂದು ಮುಗಿಸಿದೆ. ಚೆನ್ನಾಗಿ ಮುಗಿಸಿದೆನೆಂದು ನನಗೂ ಅನ್ನಿಸಿತ್ತು. ಆಗ ಅದೇ ಹುಡುಗಿ ಎದ್ದು ನಿಂತು, “ಸರ್, ಮಾರಯ್ಯ ಅನ್ನೋದು ಅವರ ಹೆಸರು, ಮೋಳಿಗೆ ಹೊರೆ. ಸೌದೆ ಹೊರೆ ಸರಿ, ಅಕ್ಕನ ಹೆಸರು ಏನು?” ಎಂದಳು.

ಈ ಸಲ ಗಂಟೆ ಹೊಡೆಯಲಿಲ್ಲ. ಗೊತ್ತಿಲ್ಲವೆಂದು ಒಪ್ಪಿಕೊಂಡೆ. ಸಂಜೆ ಊರಿಗೆ ಫೋನು ಮಾಡಿ ಅಮ್ಮನನ್ನು ಕೇಳಿದೆ. “ಸೌದೆಯಕ್ಕನಿಗೆ ಬೇರೆ ಹೆಸರಿತ್ತೇನೋ?” ಎಂದರು ಅಮ್ಮ. ಸ್ವಲ್ಪ ಹೊತ್ತು ಯೋಚಿಸಿ, “ಇದ್ದೇ ಇರತ್ತೆ, ಪಾಪ. ನಾವು ಕೇಳಲೇ ಇಲ್ಲ,” ಎಂದರು. ಉಜ್ವಲದ ಸಂಪರ್ಕವನ್ನು ಮನೆಯ ಹೆಂಗಸಿನ ಹೆಸರಿನಲ್ಲಿಯೇ ಕೊಡುತ್ತಾರೆ. ಅವಳು ಬದುಕಿದ್ದಿದ್ದರೆ, ಕೊನೆಗೆ ಆ ಗ್ಯಾಸಿನ ಪುಸ್ತಕದಲ್ಲಾದರೂ ಅವಳ ಹೆಸರನ್ನು ನಾನು ಓದಬಹುದಾಗಿತ್ತು.